ಕೆಂಗುಣಿಯ ಮುಖತಪ್ಪು

ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ತೊಟ್ಟಿಲು ನಡುದಾರಿಯಲ್ಲಿ ನಿಂತಿತು. ಹಳಿಗೆ ತೂಗುಬಿದ್ದು ಸಾಗುವ ಎಂಟು ಸೀಟಿನ ಗಾಡಿಗಳಿಗೆ ಕೆಂಗುಣಿಯವರು ಇಟ್ಟ ಹೆಸರು ತೊಟ್ಟಿಲು. ಅದು ನಿಂತರೆ ಇಲ್ಲಿ ಯಾರೂ ಕಿಟಕಿಯಿಂದ ತಲೆ ಹೊರಹಾಕಿ ಏನಾಯಿತೆಂದು ನೋಡುವುದಿಲ್ಲ.

“ಯಾರ್ದೋ ಮುಖ ತಪ್ಪಿಸ್ತೈತಿ,” ಎಂದು ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಆಕಳಿಸಿದಳು. “ಎರಡು ನಿಮಿಷ ಕುಂದ್ರೋದು, ಮತ್ತೇನು.”

ಪಕ್ಕದಲ್ಲಿ ಹಂಪಮ್ಮ ಕೂತಿದ್ದಳು. ಯಾರ ಮುಖ ಯಾರಿಗೆ ತಪ್ಪುತ್ತಿದೆ ಎಂಬುದು ಆ ಗಾಡಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮುಂದಿನ ನಿಲ್ದಾಣದ ಬೇಕರಿಯಲ್ಲಿ ಒಬ್ಬ ಅಣ್ಣ ಬ್ರೆಡ್ಡು ಕೊಳ್ಳುತ್ತಿದ್ದಾನೆ, ಈ ಗಾಡಿಯ ಕೊನೆಯ ಸೀಟಿನಲ್ಲಿ ಅವನ ತಮ್ಮ ಕೂತಿದ್ದಾನೆ. ಅಪ್ಪನ ಹೆಣದ ಮುಂದೆಯೇ ಕೈಕೈ ಮಿಲಾಯಿಸಿದ ಅಣ್ಣತಮ್ಮಂದಿರು. ಗಾಡಿಯನ್ನು ಎರಡು ನಿಮಿಷ ತಡೆದರೆ ಅಣ್ಣ ಮನೆ ಸೇರುತ್ತಾನೆ, ತಮ್ಮ ಇಳಿಯುತ್ತಾನೆ, ಊರು ತಣ್ಣಗಿರುತ್ತದೆ. ಆ ಎರಡು ನಿಮಿಷಕ್ಕೆ ಹೋದ ವಾರ ಸಹಿ ಹಾಕಿದವಳು ಅವಳೇ.

ಕೆಂಗುಣಿ ಅಂದರೆ ಅದಿರು ಬಗೆದು ಬಗೆದು ಬರಿದಾದ ಒಂದು ಗಣಿ. ಮೇಲಿನ ಬಯಲಿನಲ್ಲಿ ಈಗ ವರ್ಷದ ಏಳು ತಿಂಗಳು ಮನುಷ್ಯ ತಡೆಯುವ ಬಿಸಿಲಲ್ಲ. ಹೊಂಡದ ತಳದಲ್ಲಿ ಕೆಂಪು ನೀರು, ಮುಟ್ಟಿದರೆ ಚರ್ಮ ಸುಲಿಯುತ್ತದೆ. ನಡುವೆ, ಗೋಡೆಯ ಅರ್ಧ ಎತ್ತರದಲ್ಲಿ, ಹಿಂದಿನವರು ಅದಿರಿನ ಲಾರಿಗಾಗಿ ಕಡಿದ ಅಗಲವಾದ ಹಾದಿಯೊಂದು ಹೊಂಡವನ್ನು ಬಳೆಯ ಹಾಗೆ ಸುತ್ತಿದೆ. ನಾಲ್ಕು ಕಿಲೋಮೀಟರ್ ಉದ್ದದ ಆ ಒಂದೇ ಬೀದಿಯ ನೆರಳಿನಲ್ಲಿ ಹನ್ನೊಂದು ಸಾವಿರ ಜನ ಇದ್ದಾರೆ. ಅಡ್ಡದಾರಿ ಇಲ್ಲ, ಹಿತ್ತಲದಾರಿ ಇಲ್ಲ, ಹೊಂಡದ ಮೇಲೆ ಸೇತುವೆ ಕಟ್ಟುವ ಯೋಗ್ಯತೆ ಯಾವ ಪಂಚಾಯಿತಿಗೂ ಬರಲಿಲ್ಲ. ಜಗಳವಾಡಿ ಮುಖ ತಿರುಗಿಸಿಕೊಂಡು ಹೊರಟವನು ನಡೆದೂ ನಡೆದೂ ಆ ಕಡೆಯಿಂದ ಬಂದು ಜಗಳವಾಡಿದವನಿಗೇ ಎದುರಾಗಬೇಕು. ಅಂಥ ಊರು.

ಗಣಿ ಕೆಲಸದ ಕಾಲದಿಂದಲೂ ಇಲ್ಲೊಂದು ಪದ್ಧತಿ ಇತ್ತು. ಯಾರ ಕೈಯಿಂದ ಸಾವು ಆಯಿತೋ ಅವನು ಸತ್ತವರ ಮನೆಯವರಿಗೆ ಹನ್ನೊಂದು ದಿನ ಮುಖ ತೋರಿಸಬಾರದು. ಆಗ ಮೇಲಿನ ಶೆಡ್ಡಿನಲ್ಲಿ ಹೋಗಿ ಇದ್ದುಬಿಡುತ್ತಿದ್ದರು. ಬದುಕೆಲ್ಲ ಒಂದು ಬೀದಿಗೆ ಇಳಿದ ಮೇಲೆ ಹನ್ನೊಂದು ದಿನ ಸಾಲದಾಯಿತು. ಪಂಚಾಯಿತಿ ಅದನ್ನು ಜೀವಮಾನದ ಕಾನೂನು ಮಾಡಿ ‘ಮುಖತಪ್ಪು’ ಎಂದು ಹೆಸರಿಟ್ಟಿತು. ಅದನ್ನು ನಡೆಸಲು ಒಂದು ಯಂತ್ರ ತಂದಿತು, ಯಂತ್ರವನ್ನು ಕೂರಿಸಲು ‘ದಾರಿಮನೆ’ ಎಂಬ ಕಚೇರಿ ಕಟ್ಟಿತು. ಆ ಮೇಲೆ ಸಾವು ಒಂದೇ ಕಾರಣವಾಗಿ ಉಳಿಯಲಿಲ್ಲ. ಮದುವೆ ಮುರಿದವರು ಅರ್ಜಿ ಹಾಕಿದರು, ಅತ್ತೆ ಸೊಸೆಯರು ಹಾಕಿದರು, ಒಬ್ಬ ಮೇಷ್ಟರು ತನ್ನ ಹಳೆಯ ವಿದ್ಯಾರ್ಥಿಯ ಮೇಲೆ ಹಾಕಿದ. ಈಗ ಜಾರಿಯಲ್ಲಿದ್ದದ್ದು ಸಾವಿರದ ಮುನ್ನೂರು ಮುಖತಪ್ಪು.

ಹಂಪಮ್ಮ ದಾರಿಮನೆಯ ಪರಿಶೀಲಕಿ. ವಯಸ್ಸು ಐವತ್ತೆರಡು. ಯಂತ್ರ ಮಾಡಿದ ಏರ್ಪಾಡನ್ನು ಲೆಕ್ಕ ಹಾಕಿ ನೋಡಿ ಕೊನೆಗೆ ‘ತಪ್ಪಿಸಬಹುದು’ ಅಥವಾ ‘ತಪ್ಪಿಸಲಾಗದು’ ಎಂದು ಬರೆದು ಸಹಿ ಹಾಕುವುದು ಅವಳ ಕೆಲಸ. ತಪ್ಪಿಸಲಾಗದು ಎಂದು ಬರೆದರೆ ತಪ್ಪು ಮಾಡಿದವನು ಊರು ಬಿಟ್ಟು ಮೇಲಿನ ಬಿಸಿಲಿಗೆ ಹೋಗಬೇಕು. ಹನ್ನೆರಡು ವರ್ಷದಲ್ಲಿ ಅವಳು ಅದನ್ನು ನಾಲ್ಕು ಸಲ ಬರೆದಿದ್ದಳು. ಆ ನಾಲ್ವರ ಸುದ್ದಿ ಮತ್ತೆ ಬರಲಿಲ್ಲ.

ಅವತ್ತು ಅವಳು ಕಚೇರಿಯೊಳಗೆ ಕಾಲಿಡುವಾಗ ಮುಖ್ಯಸ್ಥ ಜಂಬಣ್ಣ ಪರದೆಯ ಮುಂದೆ ನಿಂತು ಗಲ್ಲ ಕೆರೆದುಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ಮೊಹರು ಒತ್ತುವುದರಲ್ಲಿ ನಿಸ್ಸೀಮ. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

“ಹಂಪಮ್ಮಾರ, ನಿಮ್ಮನಿ ಕೇಸು ಕೆಟ್ಟೈತಿ ನೋಡ್ರಿ,” ಅಂದ.

ನಿಮ್ಮನಿ ಕೇಸು ಅಂದರೆ ಅವಳ ಗಂಡ ಗಾದಿಲಿಂಗಪ್ಪ ಮತ್ತು ಹೊಂಡದ ಆಚೆ ದಡದ ದೊಡ್ಡಬಸಮ್ಮ. ಏಳು ವರ್ಷದ ಹಿಂದೆ ದೊಡ್ಡಬಸಮ್ಮನ ಒಬ್ಬಳೇ ಮಗಳು ನೀಲಾ ಸಾಮಾನಿನ ಪಂಜರದಿಂದ ಬಿದ್ದು ಸತ್ತಿದ್ದಳು. ಮೇಲಿನ ಅಂಚಿನಿಂದ ಬೀದಿಗೆ ಸಾಮಾನು ಇಳಿಸುವ ಆ ಪಂಜರದ ಕೈಹಿಡಿ ಅವತ್ತು ಗಾದಿಲಿಂಗಪ್ಪನ ಕೈಯಲ್ಲಿತ್ತು. ಮುಖತಪ್ಪು ಜಾರಿಯಾದಾಗ, ನನ್ನ ಗಂಡನ ಕೇಸನ್ನು ನಾನೇ ಹೇಗೆ ಪರಿಶೀಲಿಸಲಿ ಎಂದು ಹಂಪಮ್ಮ ಕೇಳಿದ್ದಳು. ಊರಿಗೆ ಇರುವುದೇ ನೀವೊಬ್ಬರು, ಅಂಕಿಗೆ ನೆಂಟರಿಲ್ಲ ಬಿಡ್ರಿ ಎಂದಿದ್ದ ಜಂಬಣ್ಣ.

“ದೊಡ್ಡಬಸಮ್ಮ ಜಾರಿ ಬಿದ್ದಾಳಂತ. ತೊಡಿ ಎಲುಬು ಮುರದೈತಿ. ಇನ್ನ ಹಾಸಿಗಿ ಬಿಟ್ಟು ಏಳಂಗಿಲ್ಲಂತ ಡಾಕ್ಟರು ಅಂದಾರ,” ಅಂದ ಜಂಬಣ್ಣ. “ಯಂತ್ರ ಮುಂಜಾನಿಂದ ಒಂದ ಸಮನೆ ಕೆಂಪು ತೋರಿಸ್ತೈತಿ. ಗಾಡಿ ಹತ್ತು ನಿಮಿಷ ತಡೀತು, ಇಪ್ಪತ್ತು ನಿಮಿಷ ತಡೀತು, ಕೆಂಪು ಹೋಗವಲ್ದು.”

“ಹೋಗಂಗಿಲ್ರಿ,” ಅಂದಳು ಹಂಪಮ್ಮ, ಪರದೆಯನ್ನು ನೋಡುವ ಮೊದಲೇ.

ಪರದೆಯ ಮೇಲೆ ಬೀದಿ ಒಂದು ವೃತ್ತ. ಕೈಗೆ ಹಾಕಿದ ಕಡಗದಿಂದ ಪ್ರತಿಯೊಬ್ಬರೂ ಆ ವೃತ್ತದ ಮೇಲೊಂದು ಚುಕ್ಕಿಯಾಗಿ ದಿನವಿಡೀ ಜರುಗುತ್ತಾರೆ. ಇಬ್ಬರ ಚುಕ್ಕಿ ಒಂದೇ ಹೊತ್ತಿಗೆ ಒಂದೇ ಕಡೆ ಬಂದರೆ ಅದು ಭೇಟಿ. ತಪ್ಪು ಮಾಡಿದವನು ಇನ್ನೊಬ್ಬರನ್ನು ದಾಟಿ ಮುಂದೆ ಹೋದರೆ ಆ ಭೇಟಿಗೆ ಯಂತ್ರ ಕೂಡು ಎಂದು ಗುರುತು ಹಾಕುತ್ತದೆ, ಹಿಂದಕ್ಕೆ ಬಿದ್ದರೆ ಕಳೆ ಎಂದು. ಒಂದು ಕೂಡು ಮತ್ತು ಒಂದು ಕಳೆ ಇದ್ದರೆ ಅಂಗಡಿ ಐದು ನಿಮಿಷ ತಡವಾಗಿ ತೆರೆಸಿಯೋ, ಗಾಡಿಯನ್ನು ನಿಲ್ಲಿಸಿಯೋ ಅವೆರಡನ್ನೂ ಮೆಲ್ಲಗೆ ಒಂದರ ಹತ್ತಿರ ಒಂದು ತಳ್ಳಿಕೊಂಡು ಬಂದು ಎರಡನ್ನೂ ಅಳಿಸಬಹುದು. ಯಾರಿಗೂ ಗೊತ್ತೂ ಆಗುವುದಿಲ್ಲ. ಕೂಡು ಕಳೆ ಎಲ್ಲ ಅಳಿಸಿದ ಮೇಲೂ ಏನಾದರೂ ಉಳಿದರೆ ಅದಕ್ಕೆ ಉಳಿಕೆ ಎನ್ನುತ್ತಾರೆ. ಉಳಿಕೆಯನ್ನು ತಳ್ಳಬಹುದು, ಎಳೆಯಬಹುದು, ಬೆಳಗಿನದನ್ನು ಸಂಜೆಗೆ ಹಾಕಬಹುದು. ಅಳಿಸಲು ಆಗುವುದಿಲ್ಲ.

“ನೀವ ಹೇಳಿದ್ರೂ ನನಗ ಇದು ಹತ್ತಂಗಿಲ್ಲ,” ಅಂದ ಜಂಬಣ್ಣ. “ಮನುಷ್ಯರನ್ನ ಒಂದೀಟು ಆ ಕಡಿ ಈ ಕಡಿ ಸರಿಸಿದ್ರ ಯಾಕ ತಪ್ಪಂಗಿಲ್ಲ?”

ಹಂಪಮ್ಮ ಗೋಡೆಯ ಗಡಿಯಾರ ತೋರಿಸಿದಳು. “ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೆರಡರ ತನಕ ದೊಡ್ಡ ಮುಳ್ಳು ಹನ್ನೆರಡು ಸುತ್ತು ಹೋಗ್ತೈತಿ, ಸಣ್ಣದು ಒಂದು. ಅಷ್ಟರಾಗ ದೊಡ್ಡದು ಸಣ್ಣದನ್ನ ಹನ್ನೊಂದು ಸಲ ದಾಟಬೇಕು. ನೀವು ಬೆರಳಿಂದ ಮುಳ್ಳು ಹಿಡಿದು ಎಷ್ಟರೆ ಹೊತ್ತು ತಡೀರಿ, ಎಷ್ಟರೆ ಜೋರು ಓಡಿಸ್ರಿ, ಸುತ್ತಿನ ಎಣಿಕಿ ಅಷ್ಟ ಇದ್ರ ಹನ್ನೊಂದಕ್ಕ ಕಮ್ಮಿ ಆಗಂಗಿಲ್ಲ. ಎರಡೂ ಒಂದೊಂದ ಸುತ್ತು ಹೋದ್ರ ಮಾತ್ರ ಒಂದು ಮುಂದ, ಒಂದು ಹಿಂದ, ಜೀವಮಾನ ಸೇರದಂಗ ಇರಬಹುದು.”

ಏಳು ವರ್ಷ ನಡೆದದ್ದು ಅದೇ. ಪಂಜರದ ಕೆಲಸ ಬಿಡಿಸಿದ ಮೇಲೆ ಗಾದಿಲಿಂಗಪ್ಪ ಹಳಿಯ ಕಾವಲಿಗೆ ಸೇರಿದ್ದ. ದಿನವೂ ಆರು ಗಂಟೆಗೆ ಹೊರಟು ಉದ್ದ ಕಾವಿನ ಸುತ್ತಿಗೆಯಿಂದ ತಲೆಯ ಮೇಲಿನ ಹಳಿ ತಟ್ಟುತ್ತ ಇಡೀ ಬಳೆಯನ್ನು ಒಂದು ಸುತ್ತು ನಡೆದು ಹನ್ನೊಂದಕ್ಕೆ ಮನೆಗೆ ಬರುತ್ತಿದ್ದ. ದೊಡ್ಡಬಸಮ್ಮ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಗಾಡಿ ತಳ್ಳಿಕೊಂಡು ಅದೇ ದಿಕ್ಕಿನಲ್ಲಿ ಒಂದು ಸುತ್ತು ಬರುತ್ತಿದ್ದಳು. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಈಗ ಅವಳು ಮಂಚದ ಮೇಲೆ ಅಲುಗದ ಚುಕ್ಕಿ. ಅವನು ಸುತ್ತು ಮುಗಿಸಬೇಕಾದರೆ ಅವಳ ಬಾಗಿಲನ್ನು ದಾಟಲೇಬೇಕು. ಅವಳ ಮಂಚ ಬೀದಿಗೆ ತೆರೆದ ಬಾಗಿಲ ಎದುರಿಗೇ ಇತ್ತು. ಉಳಿಕೆ ಒಂದು.

“ಹಂಗಾದ್ರ ತಪ್ಪಿಸಲಾಗದು ಅಂತ ಬರೀಬೇಕಾಗ್ತೈತಿ,” ಎಂದು ಜಂಬಣ್ಣ ನೆಲ ನೋಡಿದ.

“ಬರಿಯೂದು ಬ್ಯಾಡ. ಸುತ್ತು ಕಡಿದ್ರಾತು.” ಹಂಪಮ್ಮ ಪರದೆಯ ಮೇಲೆ ಬೆರಳಾಡಿಸಿ ತೋರಿಸಿದಳು. ಗಾದಿಲಿಂಗಪ್ಪ ಬಲಗಡೆಯಿಂದ ಹೋಗಿ ದೊಡ್ಡಬಸಮ್ಮನ ಮನೆಗೆ ನಲವತ್ತು ಮಾರು ಇರುವಾಗ ಹಿಂದಿರುಗುವುದು. ಆಮೇಲೆ ಎಡಗಡೆಯಿಂದ ಹೋಗಿ ಅಷ್ಟೇ ದೂರದಲ್ಲಿ ಹಿಂದಿರುಗುವುದು. ಆ ಬಾಗಿಲ ಮುಂದಿನ ತುಂಡು ಹಳಿ ನೋಡಲು ಬೇರೊಬ್ಬ ಆಳು. ನಡಿಗೆ ದುಪ್ಪಟ್ಟಾಗುತ್ತದೆ, ಸುತ್ತು ಸೊನ್ನೆಯಾಗುತ್ತದೆ, ಕೆಂಪು ಹೋಗುತ್ತದೆ. ಜಂಬಣ್ಣ ಮಗುವಿನ ಹಾಗೆ ಬಾಯಿ ತೆರೆದು ನೋಡಿದ.

“ದೊಡ್ಡಬಸಮ್ಮನ ಹೆಬ್ಬೆಟ್ಟು ಬೇಕಲ್ರಿ,” ಅಂದ. ರಕ್ಷಣೆ ಪಡೆದವರ ದಿನಚರಿ ಬದಲಾದರೆ ಪರಿಶೀಲಕಿಯೇ ಮನೆಗೆ ಹೋಗಿ ಒಪ್ಪಿಗೆ ತರಬೇಕೆಂಬ ನಿಯಮ ಅದು. ಏಳು ವರ್ಷ ಹಂಪಮ್ಮ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಗಾದಿಲಿಂಗಪ್ಪ ಬಾಗಿಲ ಪಕ್ಕ ಕೂತು ಕಾಲು ನೀವಿಕೊಳ್ಳುತ್ತಿದ್ದ. ಮೊದಲೇ ಮಾತು ಕಮ್ಮಿ, ಪಂಜರದ ದಿನದಿಂದ ಹೌದು ಅಲ್ಲಗಳಿಗೆ ಇಳಿದಿದ್ದ. ಅವಳು ರೊಟ್ಟಿ ಬಡಿಸುತ್ತ ವಿಷಯ ಹೇಳಿದಳು. ದೊಡ್ಡಬಸಮ್ಮ ಬಿದ್ದದ್ದು, ಅವನು ಇನ್ನು ಎಲ್ಲಿಂದ ಹಿಂದಿರುಗಬೇಕು ಎಂಬುದು.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಭೇಟಿ ಆದ್ರ ಆಗಲಿ ಬಿಡು,” ಅಂದ. “ಏಳು ವರ್ಷ ಆತು. ಒಮ್ಮಿ ಹೋಗಿ ಹೇಳಿ ಬಿಡ್ತೀನಿ. ಬೈತಾಳ, ಬೈಲಿ. ಉಗುಳ್ತಾಳ, ಉಗುಳ್ಲಿ.”

“ಆಕಿ ನಿಮ್ಮ ಮುಖ ನೋಡಂಗಿಲ್ಲಂತ ಆಣಿ ಮಾಡ್ಯಾಳ. ಎಷ್ಟು ಸಲ ಹೇಳ್ಬೇಕ್ರಿ ನಿಮಗ?”

“ಈಗ್ಲೂ ಹಂಗ ಅಂತಾಳೇನು? ಕೇಳಿ ನೋಡು.”

“ಕೇಳ್ತೀನಿ. ಉಣ್ರಿ ಮೊದ್ಲು.”

ಹಂಪಮ್ಮ ಒಲೆಯ ಕಡೆ ತಿರುಗಿದಳು. ದೊಡ್ಡಬಸಮ್ಮ ಯಾವ ಆಣೆಯನ್ನೂ ಮಾಡಿರಲಿಲ್ಲ. ಹನ್ನೊಂದನೆಯ ದಿನ ಅವಳಿಗೆ ಮೈಮೇಲೆ ಎಚ್ಚರವಿಲ್ಲದಾಗ ಹಿರಿಯರೇ ಪದ್ಧತಿಯಂತೆ ಅವಳ ಹೆಸರಿನಲ್ಲಿ ಅರ್ಜಿ ಕೊಟ್ಟಿದ್ದರು. ಆಣೆಯ ಮಾತನ್ನು ಹುಟ್ಟಿಸಿದವಳು ಹಂಪಮ್ಮ. ಯಾಕೆ ಹುಟ್ಟಿಸಿದಳೆಂದರೆ, ಗಾದಿಲಿಂಗಪ್ಪ ಅವಳ ಎದುರಿಗೆ ನಿಂತರೆ ಎಲ್ಲ ಹೇಳಿಬಿಡುತ್ತಾನೆ, ಆ ಎಲ್ಲದರಲ್ಲಿ ಹಂಪಮ್ಮನೂ ಇದ್ದಳು.

ನೀಲಾ ಸತ್ತ ದಿನ ಅವನು ಬುತ್ತಿ ಡಬ್ಬಿ ಮರೆತು ಕೆಲಸಕ್ಕೆ ಹೋಗಿದ್ದ. ಹಂಪಮ್ಮ ಫೋನು ಮಾಡಿ ಹರಿಹಾಯುತ್ತಿದ್ದಳು. ಪಂಜರದೊಳಗಿನ ಮಾತು ಕೇಳಲೆಂದು ಅವನ ಬಳಿಯಿದ್ದ ಸ್ಪೀಕರಿನಿಂದ ಹುಡುಗಿಯ ದನಿ ಫೋನಿನ ಈ ತುದಿಗೂ ಸ್ಪಷ್ಟವಾಗಿ ಕೇಳಿತ್ತು. “ಮಾವಾ, ತಡಿ ಮಾವಾ! ಬಾಗಿಲು ಹಾಕಿಲ್ಲ, ತಡಿ!” ಒಂದ್ ನಿಮಿಷ, ಪಂಜರದಾಗಿಂದ ಏನೋ ಕೂಗ್ತಾರ ಎಂದ ಅವನು. ಹಂಪಮ್ಮ ಹೇಳಿದಳು, “ನಾ ಮಾತಾಡುವಾಗ ನಿಮಗ ಯಾವಾಗ್ಲೂ ಬ್ಯಾರೆ ಯಾರೋ ಕೂಗ್ತಾರ. ಅದನ್ನ ಬಿಡ್ರಿ, ಮೊದ್ಲು ನನ್ನ ಮಾತು ಕೇಳ್ರಿ.” ಅವನು ಕೇಳಿದ. ಕೈ ತನ್ನ ಪಾಡಿಗೆ ರೂಢಿಯಂತೆ ಹಿಡಿಯನ್ನು ಕೆಳಗಿಳಿಸಿತು, ಪಂಜರ ಹೊರಟಿತು. ವಿಚಾರಣೆಯಲ್ಲಿ ಅವನು ಏನೂ ಕೇಳಿಸಲಿಲ್ಲ ಎಂದ. ಹಾಗೆ ಹೇಳಲು ಕಲಿಸಿದವಳೂ ಅವಳೇ. ಬಾಗಿಲು ಹಾಕದೆ ಇದ್ದದ್ದು ಹುಡುಗಿಯ ತಪ್ಪು ಎಂದು ಕಡತ ಮುಚ್ಚಿತು.

ಮರುದಿನ ಬೆಳಿಗ್ಗೆ ಹಂಪಮ್ಮ ಚೀಲದಲ್ಲಿ ಎರಡು ಹಾಳೆ ಇಟ್ಟುಕೊಂಡು ಆಚೆ ದಡಕ್ಕೆ ಹೊರಟಳು. ಬಿಳಿ ಹಾಳೆ ಬದಲಾದ ಏರ್ಪಾಡಿಗೆ ಒಪ್ಪಿಗೆ. ಹಸಿರು ಹಾಳೆ ಮುಖತಪ್ಪಿನ ರದ್ದತಿ. ಎರಡನ್ನೂ ಒಯ್ಯಬೇಕೆಂಬುದು ನಿಯಮ, ಹಸಿರು ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ.

ದೊಡ್ಡಬಸಮ್ಮನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೋಡಿಕೊಳ್ಳುವ ತಂಗಿ ತಾಯಮ್ಮ ಹೊಲಿಗೆ ಶೆಡ್ಡಿಗೆ ಹೋಗಿದ್ದಳು, ಬರುವುದು ಸಂಜೆಗೇ. ಎಣ್ಣೆಯ ಬಾಣಲೆ ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು. ಮಂಚದ ಮೇಲಿನ ದೇಹ ಹಂಪಮ್ಮ ನೆನೆಸಿಕೊಂಡಿದ್ದಕ್ಕಿಂತ ಅರ್ಧದಷ್ಟಾಗಿತ್ತು, ಕಣ್ಣು ಮಾತ್ರ ನಿಗಿನಿಗಿ ಇದ್ದವು.

“ಬಾರವ್ವ ಹಂಪಮ್ಮ,” ಅಂದಳು ದೊಡ್ಡಬಸಮ್ಮ. “ನೀ ಬರ್ತೀ ಅಂತ ಗೊತ್ತಿತ್ತು. ನಾ ಸುತ್ತೋದು ನಿಂತ್ರ ನಿನ್ನ ಲೆಕ್ಕ ಕೆಡ್ತೈತಲ್ಲ.”

ಹಂಪಮ್ಮ ನೆಲದ ಮೇಲೆ ಕೂತಳು.

“ಏಳು ವರ್ಷ ಗಾಡಿ ತಳ್ಳಿದೆ. ಯಾಕ ಗೊತ್ತೇನು? ಎಲ್ಲರೆ ಒಂದ ಕಡಿ ನಿನ್ನ ಗಂಡ ಸಿಗ್ತಾನ ಅಂತ. ಜೋರು ನಡದ್ರ ಆತ ಹಿಂದ ಉಳೀತಿದ್ದ. ನಿಂತ್ರ ಯಾರರೆ ಬಂದು, ಅಮ್ಮ ಮುಂದ ನಡಿ, ಇಲ್ಲಿ ಹಳಿ ರಿಪೇರಿ ಐತಿ ಅಂತಿದ್ರು. ಆಮ್ಯಾಲ ತಿಳೀತು, ನೀವ ನಡಸ್ತೀರಿ ಅಂತ.”

“ಮುಖತಪ್ಪು ನಿನ್ನ ಹೆಸರಿಂದ ಐತಕ್ಕ...”

“ನನ್ನನ್ನ ಯಾರು ಕೇಳಿದ್ರು?” ದೊಡ್ಡಬಸಮ್ಮ ಎದ್ದು ಕೂರಲು ನೋಡಿ ನೋವಿಗೆ ಹಲ್ಲು ಕಚ್ಚಿದಳು. “ಕೇಳಿಲ್ಲಿ. ನನಗ ಆತನ ಮ್ಯಾಲ ಸಿಟ್ಟಿಲ್ಲ. ಇದ್ದದ್ದು ಕರಗಿ ಹೋಗೈತಿ. ಅವತ್ತು ಮುಂಜಾನಿ ನಾನೂ ನೀಲಾನೂ ಜಗಳ ಆಡಿದ್ವಿ. ಆಕಿಗೆ ಒಲ್ಲದ ಸಂಬಂಧ ನಾ ಗೊತ್ತು ಮಾಡಿದ್ದೆ. ‘ನೀ ಹಿಂಗ ಮಾಡಿದ್ರ ಹೊಂಡಕ್ಕ ಹಾರ್ತೀನಿ’ ಅಂದು ಹೋದ್ಳು. ಬಾಗಿಲು ಹಾಕಿದ್ದಿಲ್ಲ ಅಂತ ನಿಮ್ಮ ಕಾಗದದಾಗ ಬರದ್ರಿ. ಹಾಕಿದ್ದಿಲ್ಲೋ, ತಾನ ತಗದ್ಳೋ? ಬಿದ್ಳೋ, ಹಾರಿದ್ಳೋ? ಅಲ್ಲಿ ಇದ್ದಾತ ಆತ ಒಬ್ಬನ. ಕೂಗಿದ್ಳೇನು, ಏನಂತ ಕೂಗಿದ್ಳು, ಅಷ್ಟು ಕೇಳ್ಬೇಕು. ಅಷ್ಟು ಕೇಳಿದ್ರ ಕಣ್ಣು ಮುಚ್ತೀನಿ.”

ಹಂಪಮ್ಮನ ಗಂಟಲಲ್ಲಿ ಆ ಮಾತು ಇತ್ತು. ತಡಿ ಮಾವಾ, ಬಾಗಿಲು ಹಾಕಿಲ್ಲ. ಬದುಕಬೇಕೆಂದಿದ್ದ ಹುಡುಗಿಯ ಮಾತು. ನಾಲ್ಕು ಶಬ್ದ ಹೇಳಿದ್ದರೆ ಮಂಚದ ಮೇಲಿನ ಜೀವಕ್ಕೆ ಏಳು ವರ್ಷದ ಉರಿ ಆರುತ್ತಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಕೇಳಿಸಿಕೊಂಡೂ ಹಿಡಿ ಇಳಿಸಿದನೇ ಎಂಬುದು ಬರುತ್ತದೆ. ಮತ್ತೆ ವಿಚಾರಣೆ, ಮತ್ತೆ ಕಡತ, ಮೇಲಿನ ಬಿಸಿಲು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಗಿಂತ ಭಯ ದೊಡ್ಡದಿತ್ತು.

“ನಿನ್ನ ಗಂಡನ್ನ ಕಳಸ್ತೀಯೇನವ್ವ?”

“ಕಳಸ್ತೀನಕ್ಕ.”

“ಹೆಬ್ಬೆಟ್ಟು ಒತ್ತಬೇಕೇನು?”

“ಹೌದಕ್ಕ.”

ಹಂಪಮ್ಮ ಚೀಲದೊಳಗೆ ಕೈ ಹಾಕಿ ಬಿಳಿ ಹಾಳೆ ತೆಗೆದಳು. ಓದು ಬಾರದ ದೊಡ್ಡಬಸಮ್ಮ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು, ಎಲ್ಲಿ, ಇಲ್ಲೇನು ಎಂದು ಕೇಳಿ ಕೇಳಿ ಜೋಪಾನವಾಗಿ ಒತ್ತಿದಳು. “ಯಾವಾಗ ಬರ್ತಾನ?” ಎಂದಳು.

“ನಾಳಿಂದ. ಮುಂಜಾನಿ,” ಅಂದಳು ಹಂಪಮ್ಮ.

ಮನೆಗೆ ಬಂದಾಗ ಗಾದಿಲಿಂಗಪ್ಪ ಎದ್ದು ನಿಂತು, “ಏನಂದ್ಳು?” ಎಂದ. ಹಿಂದೆಂದೂ ಹಾಗೆ ಎದ್ದು ನಿಂತವನಲ್ಲ.

“ಅದ ಮಾತು. ನಿಮ್ಮ ನೆರಳು ಬೀಳೂದು ಬ್ಯಾಡ ಅಂದ್ಳು,” ಅಂದಳು ಹಂಪಮ್ಮ. ಅವನು ಮತ್ತೆ ಕೂತ.

ಮರುದಿನದಿಂದ ಹೊಸ ಏರ್ಪಾಡು ನಡೆಯಿತು. ಹಂಪಮ್ಮ ಬೇಗ ಕಚೇರಿಗೆ ಹೋಗಿ ಪರದೆಯ ಮುಂದೆ ಕೂರುತ್ತಿದ್ದಳು. ಗಾದಿಲಿಂಗಪ್ಪನ ಚುಕ್ಕಿ ಬಲಗಡೆಯಿಂದ ತೆವಳಿಕೊಂಡು ಹೋಗಿ ಆ ಮನೆಯ ಹತ್ತಿರ ನಿಂತು, ಎಚ್ಚರಿಸಲು ಕಡಗ ನಡುಗಿದೊಡನೆ ಹಿಂದಿರುಗುತ್ತಿತ್ತು. ಮೂರು ತಾಸಿನ ಮೇಲೆ ಎಡಗಡೆಯಿಂದ ಬಂದು ಮತ್ತೆ ನಿಲ್ಲುತ್ತಿತ್ತು. ಮಂಚದ ಚುಕ್ಕಿ ಅಲುಗುತ್ತಿರಲಿಲ್ಲ. ಹಳಿಯ ಮೇಲಿನ ಸುತ್ತಿಗೆ ಸದ್ದು ದೂರ ಕೇಳಿಸುತ್ತದೆ. ಹತ್ತಿರ ಬಂದು ಬಂದು ನಿಂತು ದೂರವಾಗುವ ಸದ್ದನ್ನು ದೊಡ್ಡಬಸಮ್ಮ ದಿನಕ್ಕೆ ಎರಡು ಸಲ ಮಲಗಿದಲ್ಲೇ ಕೇಳಿಸಿಕೊಳ್ಳುತ್ತಿದ್ದಾಳೆಂದು ಹಂಪಮ್ಮನಿಗೆ ಗೊತ್ತಿತ್ತು. ನಾಲ್ಕನೆಯ ದಿನ ಅವಳು ಪರದೆ ನೋಡುವುದನ್ನು ಬಿಟ್ಟಳು.

ಇಪ್ಪತ್ತೆರಡನೆಯ ದಿನ ಮಂಚದ ಚುಕ್ಕಿ ನಂದಿತು. ಯಂತ್ರ ತಾನೇ ಕಡತ ಮುಚ್ಚಿ ಷರಾ ಬರೆಯಿತು. ಏಳು ವರ್ಷ ಎರಡು ತಿಂಗಳು, ಒಟ್ಟು ಭೇಟಿ ಸೊನ್ನೆ. “ಇಷ್ಟು ಚೊಕ್ಕ ಕೇಸು ನಮ್ಮ ಕಚೇರಿಯಾಗ ಇನ್ನೊಂದಿಲ್ಲ ನೋಡ್ರಿ,” ಎಂದು ಜಂಬಣ್ಣ ಚಹಾ ತರಿಸಿದ. ಹಂಪಮ್ಮ ಕುಡಿದಳು.

ಮರುದಿನ ಗಾದಿಲಿಂಗಪ್ಪ ಹಳೆಯ ಹಾಗೆ ಇಡೀ ಸುತ್ತು ಹೋದ. ಹನ್ನೊಂದಕ್ಕೆ ಬರಬೇಕಾದವನು ಬಂದಾಗ ಒಂದೂವರೆ. ಹಂಪಮ್ಮ ಊಟಕ್ಕೆ ಕಾದು ಕೂತಿದ್ದಳು. ಅವನು ಸುತ್ತಿಗೆಯನ್ನು ಮೂಲೆಗೆ ಒರಗಿಸಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

“ತಾಯಮ್ಮನ್ನ ಮಾತಾಡಿಸಿ ಬಂದೆ,” ಅಂದ. “ಬಾಗಿಲಾಗ ನಿಂತು ಅಂದ್ಳು, ಈಗ ಬಂದ್ರೇನ್ರಿ, ಅಕ್ಕ ನಿಮ್ಮ ದಾರಿ ನೋಡಿ ನೋಡಿ ಸತ್ಲು ಅಂತ. ದಿನಾ ಸಂಜೀಕ ಕೇಳ್ತಿದ್ಲಂತ, ಬಂದ್ನೇನು, ಹತ್ತಿರ ಬಂದಂಗಿತ್ತಲ್ಲ, ಬಂದ್ನೇನು ಅಂತ. ನಿಮ್ಮ ಹೆಣ್ತಿ ಕಳಸ್ತೀನಿ ಅಂದಿದ್ಲಲ್ರೀ, ನಿಮಗ ಕಾಲು ಏಳಲಿಲ್ಲೇನು ಅಂದ್ಳು.”

“ಕೇಳ್ರಿ ಇಲ್ಲೆ...”

“ಏನ್ ಕೇಳ್ಲಿ? ಅವತ್ತೂ ಅದನ್ನ ಅಂದಿದ್ದಿ, ಮೊದ್ಲು ನನ್ನ ಮಾತು ಕೇಳ್ರಿ ಅಂತ.” ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ತಡೆಯುವುದು ಸುಲಭವಾಗುತ್ತಿತ್ತು. “ತಾಯಮ್ಮನಿಗೆ ಎಲ್ಲಾ ಹೇಳಿದೆ. ನೀಲಾ ಕೂಗಿದ್ದು, ನಾ ಕೇಳಿದ್ದು, ಎಲ್ಲಾ. ನನ್ನನ್ನ ಪಂಚಾಯಿತಿಗೆ ಹಿಡಿದು ಕೊಡವ್ವ ಅಂದೆ. ಆಕಿ, ಇದನ್ನ ಇನ್ನ ನಾ ಯಾರಿಗೆ ಹೇಳ್ಲಿ ಅಂದ್ಳು. ಅಷ್ಟ.”

“ನಿಮ್ಮನ್ನ ಮ್ಯಾಲಕ್ಕ ಹಾಕ್ತಿದ್ರು,” ಅಂದಳು ಹಂಪಮ್ಮ. ಅಳು ನುಗ್ಗಿ ಬಂತು. “ನಿಮ್ಮನ್ನ ಉಳಿಸಾಕ ಮಾಡಿದೆ.”

“ನಿನ್ನನ್ನ ಉಳಿಸ್ಕೊಂಡಿ,” ಎಂದು ಅವನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲಿನ ಮೂರು ದಿನ ಅವನಿಂದ ಹೌದು ಅಲ್ಲಗಳೂ ಹೊರಡಲಿಲ್ಲ. ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ಜಂಬಣ್ಣ ಒಂದು ಅರ್ಜಿಯನ್ನು ತಾನೇ ಹಿಡಿದುಕೊಂಡು ಬಂದ. ಸಾಮಾನ್ಯವಾಗಿ ಅರ್ಜಿಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಅವನು ಅದನ್ನು ಅವಳ ಮೇಜಿನ ಮೇಲೆ ಮಗುಚಿ ಇಟ್ಟು, ಕನ್ನಡಕ ಒರೆಸಿಕೊಂಡು, ಮತ್ತೆ ಒರೆಸಿಕೊಂಡ.

“ಬ್ಯಾರೆ ಯಾರರೆ ಇದ್ದಿದ್ರ ಅವರಿಗೆ ಕೊಡ್ತಿದ್ದೆ, ಹಂಪಮ್ಮಾರ,” ಎಂದು ಹೊರಗೆ ಹೋದ.

ಅರ್ಜಿದಾರ ಗಾದಿಲಿಂಗಪ್ಪ. ಯಾರ ಮುಖ ತಪ್ಪಬೇಕು ಎಂಬಲ್ಲಿ ಅವಳ ಹೆಸರು. ಕಾರಣ ಎಂಬ ಅಂಕಣದಲ್ಲಿ ಜನ ಸಾವು ಎಂದೋ ಮನಸ್ತಾಪ ಎಂದೋ ಬರೆಯುತ್ತಾರೆ. ಅವನು ತನ್ನ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದ: ಆ ಹುಡುಗಿ ಕೂಗಿದ್ದು ನಮ್ಮಿಬ್ಬರಿಗೂ ಕೇಳಿಸಿತ್ತು.

ಹಂಪಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಬೇರೆ ಯಾವ ಕೆಲಸವೂ ಬಾರದವಳಂತೆ, ಲೆಕ್ಕಕ್ಕೆ ಕೂತಳು. ಅವನದು ದಿನಕ್ಕೆ ಒಂದು ಸುತ್ತು. ಅವಳದು ಮನೆಯಿಂದ ಕಚೇರಿ, ಕಚೇರಿಯಿಂದ ಮನೆ, ಸೊನ್ನೆ ಸುತ್ತು. ಅವಳು ಬೇರೆ ಮನೆಗೆ ಹೋದರೂ ಲೆಕ್ಕ ಬದಲಾಗುವುದಿಲ್ಲ. ಗಾಡಿ ತಡೆಯಲಿ, ಅಂಗಡಿ ಮುಚ್ಚಲಿ, ದಿನಕ್ಕೊಮ್ಮೆ ಅವನು ಅವಳನ್ನು ದಾಟಲೇಬೇಕು. ಉಳಿಕೆ ಒಂದು.

ಆ ಒಂದನ್ನು ನೋಡಿ ಅವಳಿಗೆ ಹೊಟ್ಟೆಯೊಳಗೆ ಎಂಥದೋ ಸುಖವಾಯಿತು. ಹನ್ನೆರಡು ವರ್ಷ ಅಳಿಸಬೇಕೆಂದು ಒದ್ದಾಡಿದ ಅಂಕಿ ಅದು. ದಿನಕ್ಕೆ ಒಂದು ಸಲ, ಒಂದು ಗಳಿಗೆ, ಸುತ್ತಿಗೆ ಹಿಡಿದ ಆ ಮನುಷ್ಯ ತನ್ನ ಎದುರಿಗೆ ಬಂದೇ ಬರುತ್ತಾನೆ, ಯಾವ ಯಂತ್ರಕ್ಕೂ ತಪ್ಪಿಸಲಾಗದು. ಬೈಯಲಿ, ಉಗುಳಲಿ.

ಆದರೆ ನಿಯಮ ಅವಳಿಗೆ ಬಾಯಿಪಾಠ. ಅರ್ಜಿದಾರನನ್ನು ನಾಲ್ಕು ನಿಮಿಷ ಹಿಂದುಮುಂದು ಮಾಡಬಹುದು, ಅವನ ದಾರಿಯನ್ನು ಮುಟ್ಟುವಂತಿಲ್ಲ, ತಪ್ಪು ಮಾಡಿದವರ ದಾರಿ ಬಾಗಬೇಕು. ಬಾಗುವ ದಾರಿ ಇದ್ದೂ ತಪ್ಪಿಸಲಾಗದು ಎಂದು ಬರೆದರೆ ಅದು ಸುಳ್ಳು. ಬಾಗುವ ದಾರಿ ಎದುರಿಗೇ ಇತ್ತು. ಆಚೆ ದಡದಲ್ಲಿ ಅವಳಿಗೊಂದು ಖಾಲಿ ಕೋಣೆ. ಬೆಳಿಗ್ಗೆ ಏಳಕ್ಕೆ ಅಲ್ಲಿಂದ ಹೊರಟು ಅವನ ದಿಕ್ಕಿನಲ್ಲೇ ಅವನಿಗಿಂತ ಮುಂದೆ ಮುಂದೆ ಹೋಗುವುದು. ಎಂಟೂವರೆಗೆ ತನ್ನ ಹಳೆಯ ಮನೆಯ ಮುಂದೆ ಹಾದುಹೋಗುವುದು, ಆಗ ಅವನು ಅಲ್ಲಿರುವುದಿಲ್ಲ. ಹತ್ತಕ್ಕೆ ಕಚೇರಿ, ಅವನು ಅದನ್ನು ಎರಡು ತಾಸು ಮೊದಲೇ ದಾಟಿರುತ್ತಾನೆ. ಸಂಜೆ ಅದೇ ದಿಕ್ಕಿನಲ್ಲಿ ಮುಂದುವರಿದು ಕೋಣೆ ಸೇರುವುದು. ಅವಳಿಗೂ ದಿನಕ್ಕೆ ಒಂದು ಸುತ್ತು.

ಯಂತ್ರಕ್ಕೆ ಹಾಕಿದಳು. ಭೇಟಿ ಸೊನ್ನೆ ಎಂದು ಬಂತು. ಎಲ್ಲಾದರೂ ತಪ್ಪಿರಬಹುದೆಂದು ಕಾಗದದ ಮೇಲೆ ಕೈಯಾರೆ ಮಾಡಿ ನೋಡಿದಳು, ಒಂದು ನಿಮಿಷ, ಒಂದು ಮಾರು, ಎಲ್ಲಿಯಾದರೂ ಒಂದು ಕೂಡು ಉಳಿದಿದೆಯೇ ಎಂದು. ಮೂರನೆಯ ಸಲ ಮಾಡುವಾಗ ಅಂಕಿಗಳು ಕಣ್ಣಿಗೆ ಕಾಣದೆ ಸೆರಗಿನಿಂದ ಒರೆಸಿಕೊಳ್ಳಬೇಕಾಯಿತು. ಹನ್ನೆರಡು ವರ್ಷದಲ್ಲಿ ಅವಳ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ, ಅವತ್ತೂ ತಪ್ಪಲಿಲ್ಲ.

‘ತಪ್ಪಿಸಬಹುದು’ ಎಂದು ಬರೆದು ಅವಳು ಸಹಿ ಹಾಕಿದಳು.